ಈ ಪೆಟ್ಟಿಗೆ ನೀವೇ ಕಟ್ಟಿದ್ದಾ?

"ಈ ಪೆಟ್ಟಿಗೆ ನೀವೇ ಕಟ್ಟಿದ್ದಾ?"

"ಹೌದು."

"ಕೇಳಿಸಲಿಲ್ಲ."

"ಹೌದು, ನಾನೇ."

"ಯಾರಿಗೆ ಹೇಳ್ತಿದೀಯ? ನಿನ್ನ ಬೂಟಿಗಾ?"

ಅತ್ತಿಗೆ ಅಣ್ಣನ ಹಳೆಯ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಅದರ ಮೇಲಿಂದ ನನ್ನನ್ನು ದಿಟ್ಟಿಸಿದರು. ಊಟದ ಮೇಜಿನ ಆಚೆ ಅವರು ಪರದೇಶದ ವಿಮಾನ ನಿಲ್ದಾಣದ ಅಧಿಕಾರಿ. ಈಚೆ ನಾನು ಪ್ರಯಾಣಿಕಳು. ಕೈಯಲ್ಲಿದ್ದ ಪಾಸ್‌ಪೋರ್ಟ್ ಆಗಲೇ ಬೆವರಿಗೆ ಮೆತ್ತಗಾಗಿತ್ತು.

"ತಲೆ ಎತ್ತು ಗುಬ್ಬಿ. ತಲೆ ತಗ್ಗಿಸಿದವರ ಪೆಟ್ಟಿಗೇನೇ ಅವರು ಮೊದಲು ಬಿಚ್ಚೋದು."

"ಅಣ್ಣ ತಲೆ ಎತ್ತಿಕೊಂಡೇ ನಿಂತಿದ್ದನಲ್ಲ ಅತ್ತಿಗೆ."

ಮಾತು ಬಾಯಿಂದ ಜಾರಿಹೋಗಿತ್ತು. ಅತ್ತಿಗೆ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಒದ್ದೆಯಾಗಿದ್ದದ್ದು ಕನ್ನಡಕವಲ್ಲ.

ಕಳೆದ ತಿಂಗಳು ಇದೇ ಪ್ರಶ್ನೆಗೆ ಅಣ್ಣ ಎದೆಯುಬ್ಬಿಸಿ "ಹೌದು, ನಾನೇ" ಎಂದಿದ್ದ. ಮರುಗಳಿಗೆಗೆ ಅವನ ಮಾದರಿ ಪೆಟ್ಟಿಗೆಯ ಗಾಜಿನ ಕಣ್ಣೊಂದರ ಹೊಟ್ಟೆಯಲ್ಲಿ ಬೆಲೆಬಾಳುವ ಕೆಂಪು ಕಲ್ಲುಗಳು ಸಿಕ್ಕಿದ್ದವು. ಅಂದಿನಿಂದ ಅವನು ಆ ದೇಶದ ಸೆರೆಯಲ್ಲಿದ್ದಾನೆ.

ನಮ್ಮದು ಕೃತಕ ಕಣ್ಣು ಮಾಡುವ ಮನೆ. ಮೇಲೆ ಸಂಸಾರ, ಕೆಳಗೆ ಕಾರ್ಖಾನೆ. ಕಣ್ಣು ಕಳೆದುಕೊಂಡವರ ಉಳಿದ ಕಣ್ಣಿಗೆ ಜೊತೆಯಾಗುವಂತೆ ಗಾಜನ್ನು ಊದಿ, ಪಾಪೆ ಬರೆದು, ಎಳೆ ಎಳೆಯಾಗಿ ಕೆಂಪು ನರ ಎಳೆದು ಕೊಡುತ್ತೇವೆ. ಕಡಲಾಚೆಯ ಒಂದು ದೊಡ್ಡ ಕಣ್ಣಾಸ್ಪತ್ರೆ ಅದರ ಮಾದರಿ ಕೇಳಿತ್ತು. ಅಣ್ಣ ಸಿಕ್ಕಿಬಿದ್ದ ಮೇಲೂ ಅಲ್ಲಿಯ ವೈದ್ಯರು ಇನ್ನೊಂದು ಅವಕಾಶ ಕೊಟ್ಟಿದ್ದರು. ಮನೆಯವರೇ ಬಂದು ಕಣ್ಣು ಕೂರಿಸಿ ತೋರಿಸಬೇಕು. ಅಣ್ಣನ ಪರ ನಿಂತ ವಕೀಲರದೂ ಅದೇ ಮಾತು: ಕಣ್ಣು ಮಾಡುವವರೇ ಬಂದು, ಆ ಕಲ್ಲು ಒಳಗೆ ಹೋದದ್ದು ಹೇಗೆ ಎಂದು ಹೇಳಿದರೆ ಮಾತ್ರ ನ್ಯಾಯಾಲಯ ಕಿವಿಗೊಟ್ಟೀತು.

ಕಣ್ಣು ಮಾಡಬಲ್ಲವರು ಮೂವರೇ. ಅಣ್ಣ ಒಳಗಿದ್ದಾನೆ. ನಮಗೆಲ್ಲ ಈ ಕೆಲಸ ಕಲಿಸಿದ ಮೇಷ್ಟ್ರು ಬೀದಿಯ ತಿರುವು ದಾಟಿದರೆ ತಲೆ ಸುತ್ತುತ್ತದೆ ಎನ್ನುವವರು. ಉಳಿದವಳು ನಾನು, ಶಾಲೆ ಅರ್ಧಕ್ಕೆ ಬಿಟ್ಟವಳು, ಹಾಲಿನವನಿಗೂ ಕದದ ಮರೆಯಿಂದ ಉತ್ತರ ಕೊಡುವವಳು.

ನಾಳೆ ಬೆಳಿಗ್ಗೆ ವಿಮಾನ. ಅಷ್ಟರೊಳಗೆ ಆ ಕಲ್ಲು ಇಟ್ಟ ಕೈ ಯಾವುದೆಂದು ನನಗೆ ಗೊತ್ತಾಗಬೇಕಿತ್ತು. ಇಲ್ಲದಿದ್ದರೆ ಅದೇ ಕೈ ನನ್ನ ಪೆಟ್ಟಿಗೆಗೂ ಬರುತ್ತದೆ.

"ಇನ್ನೊಂದು ಸಲ," ಎಂದರು ಅತ್ತಿಗೆ, ಕನ್ನಡಕ ಏರಿಸಿಕೊಂಡು. "ಮೊದಲು ನಮ್ಮ ಮಾತಲ್ಲಿ ಗಂಟಲು ಬಿಚ್ಚಲಿ. ಅವರ ಮಾತು ಆಮೇಲೆ. ಬೇರೆ ಯಾರಾದರೂ ನಿಮ್ಮ ಕೈಗೆ ಏನಾದರೂ ಕೊಟ್ಟಿದ್ದಾರಾ?"

"ಇಲ್ಲ."

"ಅಬ್ಬಾ! ಇದು ಮೇಜಿನವರೆಗಾದರೂ ಬಂತು."

*

ಟಿಕೆಟ್ ಏಜೆಂಟರ ಕಚೇರಿಯಲ್ಲಿ ಒಂದು ಆಟಿಕೆ ವಿಮಾನ ಇತ್ತು. ಅದರ ಮುರಿದ ರೆಕ್ಕೆಗೆ ಟೇಪು ಸುತ್ತಿದ್ದರು. ಅದನ್ನು ನೋಡಬಾರದೆಂದು ನಾನು ಗೋಡೆಯ ಗಡಿಯಾರ ನೋಡುತ್ತ ಕುಳಿತೆ.

"ಹೆದರಬೇಡಮ್ಮಾ, ನೀನು ಹತ್ತೋದು ಇದಲ್ಲ," ಎಂದರು ಏಜೆಂಟರು. ಅವರದು ಹೊಟ್ಟೆ ಕುಣಿಸುವ ನಗು. "ತಗೋ, ವೀಸಾ. ಇದು ವಿಮೆ. ಅಲ್ಲಿ ಜ್ವರ ಬಂದರೆ ಇದನ್ನ ತೋರಿಸು, ಜ್ವರ ಬರದಿದ್ದರೆ ತೋರಿಸಬೇಡ. ಮಾತ್ರೆ ಏನಾದರೂ ತಗೊಂಡು ಹೋಗ್ತಿದ್ರೆ ಡಾಕ್ಟರ ಚೀಟಿ ಇರಲಿ."

"ಗ್ಯಾಸಿನ ಬರ್ನರ್ರು?"

"ಅಯ್ಯೋ! ಬೆಂಕಿ ಕಾರೋದು ಏನೂ ಬೇಡ. ಕತ್ತರಿ, ಚಿಮಟ ಎಲ್ಲಾ ದೊಡ್ಡ ಪೆಟ್ಟಿಗೆಗೆ ಹಾಕು. ಕಣ್ಣಿನ ಪೆಟ್ಟಿಗೆ ಮಾತ್ರ ನಿನ್ನ ಮಡಿಲಲ್ಲೇ ಇರಲಿ. ಎಕ್ಸ್-ರೇ ಪರದೆ ಮೇಲೆ ಒಂದು ಡಜನ್ ಕಣ್ಣು ತನ್ನನ್ನೇ ನೋಡ್ತಿದ್ರೆ, ಪಾಪ, ಆ ಮನುಷ್ಯ ಬೆಚ್ಚಿಬಿದ್ದಾನು. ಅವನು ಕೇಳೋಕೆ ಮುಂಚೆ ನೀನೇ ಹೇಳಿಬಿಡು."

ನಾನು ತಲೆಯಾಡಿಸಿದೆ.

"ಅಲ್ಲಿಯ ಗೋಡೆಗೆ ನಮ್ಮ ಪ್ಲಗ್ ಹೋಗಲ್ಲ. ಇದನ್ನ ಮಧ್ಯೆ ಸಿಕ್ಕಿಸಬೇಕು." ಅವರು ಒಂದು ಬಿಳಿ ಅಡಾಪ್ಟರ್ ಕೈಗಿಟ್ಟರು. "ಸೀಟು ಕಿಟಕಿ ಪಕ್ಕ. ಪಕ್ಕದ ಸೀಟಿನವರು ಒಳ್ಳೆಯವರು, ಯೋಚನೆ ಮಾಡಬೇಡ."

ಏಜೆಂಟರು ಎಲ್ಲರಿಗೂ ಹೀಗೇ ಧೈರ್ಯ ಹೇಳುತ್ತಾರೆ ಎಂದುಕೊಂಡೆ.

"ಮತ್ತೆ ಇನ್ನೊಂದು." ಅವರ ನಗು ಇಳಿಯಿತು. "ನಿಮ್ಮಣ್ಣನ ವಕೀಲರು ಫೋಟೋ ಕಳಿಸಿದಾರೆ. ನಿನ್ನ ಫೋನಿಗೂ ಹಾಕ್ತೀನಿ. ಇಲ್ಲಿ ದೊಡ್ಡದಾಗಿ ನೋಡು."

ಪರದೆಯ ತುಂಬ ಒಂದು ಒಡೆದ ಕಣ್ಣು. ಜೇನು ಬಣ್ಣದ ಪಾಪೆ ಅಣ್ಣನೇ ಬರೆದದ್ದು. ನಮ್ಮ ಕಣ್ಣಿಗೆ ಎರಡು ಪದರ, ನಡುವೆ ಟೊಳ್ಳು. ಆ ಟೊಳ್ಳಿನಲ್ಲಿ ದಾಳಿಂಬೆ ಕಾಳಿನಂತೆ ಕಲ್ಲುಗಳು ಒತ್ತೊತ್ತಾಗಿ ಕುಳಿತಿದ್ದವು.

ಕುಳಿತಿದ್ದವು. ಚೆಲ್ಲಿರಲಿಲ್ಲ. ಗಾಜು ಒಡೆದರೂ ಕಲ್ಲು ಅಲ್ಲಾಡಿರಲಿಲ್ಲ.

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. ಕಲ್ಲುಗಳ ಕೆಳಗೆ ಹಳದಿಯಾದ, ಹೊಳೆಯುವ ಹಾಸು ಇತ್ತು. ಕಣ್ಣಿನ ಬೆನ್ನಿಗಿದ್ದ ತೂತಿನ ಸುತ್ತಲೂ ಅದೇ ಹಳದಿ ಬಳೆ.

"ಏನಮ್ಮಾ, ಏನಾದರೂ ಕಾಣಿಸ್ತಾ?"

"ಇಲ್ಲ," ಎಂದೆ. ಮೆಲ್ಲನೆ ಮಾತಾಡುವವಳಾಗಿರುವುದರಿಂದ ಒಂದು ಲಾಭವಿದೆ. ಸುಳ್ಳು ಹೇಳಿದರೂ ದನಿ ಬದಲಾದದ್ದು ಯಾರಿಗೂ ತಿಳಿಯುವುದಿಲ್ಲ.

*

ಮೇಷ್ಟ್ರು ಬರ್ನರಿನ ನೀಲಿ ಜ್ವಾಲೆಯ ಮುಂದೆ ಕುಳಿತು ಗಾಜಿನ ಕೊಳವೆ ತಿರುಗಿಸುತ್ತಿದ್ದರು. ಅಪ್ಪನಿಗೂ, ಅಣ್ಣನಿಗೂ, ನನಗೂ ಉಸಿರು ಹಿಡಿಯುವುದನ್ನು ಕಲಿಸಿದವರು ಅವರೇ. ನಮ್ಮ ಮನೆಯ ಮಕ್ಕಳು ನಡೆಯುವುದಕ್ಕೆ ಮೊದಲು ಊದಲು ಕಲಿಯುತ್ತಾರೆ ಎಂದು ನೆಂಟರು ನಗುತ್ತಾರೆ.

ಅವರು ಆಗಷ್ಟೇ ತಣಿದ ಒಂದು ಕಣ್ಣನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನಾನು ಬಾಗಿಲಲ್ಲೇ ನಿಂತೆ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು.

ಇದು ನಮ್ಮ ಮನೆಯ ಪದ್ಧತಿ. ಕಣ್ಣಿನ ಬೆನ್ನು ಮುಚ್ಚುವಾಗ ಒಂದು ಸಾಸಿವೆಯಷ್ಟು ಗಾಜಿನ ಚೂರು ಒಳಗೆ ಉಳಿದರೂ ಅದು ಕಣ್ಣಿಟ್ಟುಕೊಂಡವರ ತಲೆಯೊಳಗೆ ಕಿಣಿಕಿಣಿ ಎನ್ನುತ್ತದೆ. ಹಾಗಾಗಿ ಪ್ರತಿ ಕಣ್ಣನ್ನೂ ಕಿವಿಗೆ ಹಿಡಿಯುತ್ತೇವೆ. ಸದ್ದು ಬಂದರೆ ತೊಟ್ಟಿಗೆ. ಪೆಟ್ಟಿಗೆ ಕಟ್ಟಿದ ಮೇಲೆ ಮೇಷ್ಟ್ರು ಮತ್ತೊಮ್ಮೆ ಕೈ ಚಾಚುತ್ತಾರೆ. "ನನ್ನ ಕಿವಿ ದಾಟದೆ ಯಾವ ಕಣ್ಣೂ ಈ ಬಾಗಿಲು ದಾಟಲ್ಲ" ಎನ್ನುವುದು ಅವರ ಮಾತು. ಅಪ್ಪ ಕಟ್ಟಿದ ಪೆಟ್ಟಿಗೆಯನ್ನೂ ಅವರು ಬಿಚ್ಚಿ ಕೇಳುತ್ತಿದ್ದರು.

"ಬಾ," ಎಂದರು.

ಫೋನು ತೋರಿಸಿದೆ. ಅವರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಅಂಟು," ಎಂದೆ.

"ಹೂಂ. ಅಂಟೇ. ಕಲ್ಲು ಅಲ್ಲಾಡಬಾರದು ಅಂತ ಅಂಟಿನ ಮೇಲೆ ಕೂರಿಸಿದಾರೆ." ಅವರು ತಮ್ಮ ಕಿವಿ ಮುಟ್ಟಿಕೊಂಡರು. "ಯಾಕೆ ಹೇಳು?"

"ಕಿವಿಗೆ ಹಿಡಿದಾಗ ಸದ್ದು ಬರಬಾರದು."

"ಅಂದರೆ ಈ ಕೆಲಸ ಹೊರಗಿನವರದ್ದಲ್ಲ. ಕಿವಿಗೆ ಹಿಡಿಯೋದು ಹೊರಗಿನವರಿಗೆ ಏನು ಗೊತ್ತು? ಆ ಏಜೆಂಟನ ಮೇಲೆ ಅನುಮಾನ ಇದ್ರೆ ಬಿಟ್ಟುಬಿಡು." ಅವರು ಕೊಳವೆ ಕೆಳಗಿಟ್ಟರು. "ಬೆನ್ನು ನೋಡು. ಅದನ್ನೂ ಅಂಟಲ್ಲೇ ಮುಚ್ಚಿದಾರೆ. ಬೆಂಕಿ ಮುಟ್ಟಿಲ್ಲ. ಬೀರುವಿನಿಂದ ಜೋಡಿ ಕಣ್ಣು ತೆಗೆದು, ಕೊರೆದು, ತುಂಬಿ, ಬದಲಾಯಿಸಿದಾರೆ."

ಒಂದು ಒಡೆದರೆ ಇನ್ನೊಂದಿರಲಿ ಎಂದು ನಾವು ಪ್ರತಿ ಕಣ್ಣಿಗೂ ಒಂದು ಜೋಡಿ ಮಾಡಿಡುತ್ತೇವೆ. ಬೀರುವಿಗೆ ಬೀಗವಿಲ್ಲ.

"ಬೆಂಕಿ ಬಲ್ಲವನು ಅಂಟು ಮುಟ್ಟಲ್ಲ, ಗುಬ್ಬಿ. ಈಜು ಬಂದವನು ಹೊಂಡ ದಾಟೋಕೆ ಹಲಗೆ ಹುಡುಕ್ತಾನಾ? ಕಿವಿ ಗೊತ್ತಿರೋರು, ಬೆಂಕಿ ಗೊತ್ತಿಲ್ಲದೋರು. ಈ ಮನೇಲಿ ಅಂಥೋರು ಎಷ್ಟು ಜನ ಇದಾರೆ, ನೀನೇ ಹುಡುಕು."

ಹುಡುಕುವ ಅಗತ್ಯವಿರಲಿಲ್ಲ. ಇಬ್ಬರೇ. ಹತ್ತಿ ಹಾಸಿ ಕಣ್ಣು ಜೋಡಿಸುವ ಅತ್ತಿಗೆ. ಸಾಗಣೆ ನೋಡಿಕೊಳ್ಳುವ ಭಾವ, ಅಕ್ಕನ ಗಂಡ.

ಗಂಡನನ್ನು ತಾನೇ ಸೆರೆಗೆ ಕಳಿಸುವ ಹೆಂಡತಿಯನ್ನು ನಾನು ಕಲ್ಪಿಸಿಕೊಳ್ಳಲಾರದೆ ಹೋದೆ.

*

ಮಧ್ಯಾಹ್ನ ಕಾರ್ಖಾನೆಯಲ್ಲಿ ಕಣ್ಣಿನ ಪೆಟ್ಟಿಗೆಯನ್ನು ನಾನೇ ಕಟ್ಟಿದೆ. ಬೆನ್ನು ನಾನೇ ಬೆಂಕಿಯಲ್ಲಿ ಮುಚ್ಚಿದ ಕಣ್ಣುಗಳು. ಒಂದೊಂದನ್ನೂ ಕಿವಿಗೆ ಹಿಡಿದೆ. ಒಂದೊಂದೂ ಮೂಕ. ಪ್ರತಿ ಕಣ್ಣಿಗೂ ಮೂಗಿನ ಕಡೆಯ ತುದಿ ಒಂದಿರುತ್ತದೆ, ಸ್ವಲ್ಪ ಚೂಪು. ಆ ತುದಿಗಳೆಲ್ಲ ಪೆಟ್ಟಿಗೆಯ ಚಿಲಕದ ಕಡೆ ಬರುವಂತೆ ಜೋಡಿಸಿದೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಹುಚ್ಚು.

ದೊಡ್ಡ ಪೆಟ್ಟಿಗೆಗೆ ಹೆಸರಿನ ಚೀಟಿ ಬೇಕಿತ್ತು. ಭಾವನ ಮೇಜಿನ ಡ್ರಾಯರು ಎಳೆದೆ. ಚೀಟಿಯ ಸುರುಳಿಯ ಹಿಂದೆ, ಎರಡನ್ನೂ ಬೆರೆಸಿ ಹಚ್ಚುವ ಅಂಟಿನ ಜೋಡಿ ಟ್ಯೂಬು, ಅರ್ಧಕ್ಕೂ ಮಿಕ್ಕಿ ಹಿಂಡಿದ್ದು. ಬಾಯಿಯ ಹತ್ತಿರ ಹಳದಿ ಹಕ್ಕಳೆ.

ಮುಟ್ಟದೆ ಮುಚ್ಚಿದೆ. ಮೇಲಿನಿಂದ ಭಾವ ಕೂಗಿದರು.

"ಗುಬ್ಬೀ! ಬಾ, ತೂಕ ನೋಡೋಣ. ಆಮೇಲೆ ಏರ್‌ಪೋರ್ಟಲ್ಲಿ ಪೆಟ್ಟಿಗೆ ಬಿಚ್ಚಿ ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಗೊಂಬೆ ತರ ನಿಂತ್ಕೋಬೇಕಾಗುತ್ತೆ."

ಬಾಗಿಲ ಚೌಕಟ್ಟಿನ ಕೊಕ್ಕೆಗೆ ತಕ್ಕಡಿ ತಗಲಿಸಿ, ದೊಡ್ಡ ಪೆಟ್ಟಿಗೆಯನ್ನು ಅದಕ್ಕೆ ನೇತುಹಾಕಿ, ಭಾವ ಮುಳ್ಳು ನೋಡುತ್ತಿದ್ದರು. ಅತ್ತಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ತುರುಕಿ, "ಅಲ್ಲಿ ನೆಲಾನೇ ಮಂಜುಗಡ್ಡೆಯಂತೆ. ನಾನು ಕೆಳಗೆ ಹೋಗಿ ಇನ್ನಷ್ಟು ಹತ್ತಿ ತರ್ತೀನಿ," ಎಂದು ಮೆಟ್ಟಿಲಿಳಿದರು.

"ನಿನಗಿಂತ ನಿನ್ನ ಪೆಟ್ಟಿಗೇನೇ ತೂಕ ಇದೆ," ಎಂದರು ಭಾವ. "ಪೆಟ್ಟಿಗೇನ ಸೀಟಲ್ಲಿ ಕೂರಿಸಿ ನಿನ್ನನ್ನ ಲಗೇಜಿಗೆ ಹಾಕೋದು ವಾಸಿ."

ನಾನು ನಗಲಿಲ್ಲ. ಮೇಜಿನ ಮೇಲೆ ಅತ್ತಿಗೆ ಬಿಟ್ಟುಹೋಗಿದ್ದ ಅಣ್ಣನ ಕನ್ನಡಕವಿತ್ತು. ತೆಗೆದು ಹಾಕಿಕೊಂಡೆ. ಎದುರಿನ ಮುಖ ಮಂಜಾಯಿತು. ಮುಖ ಕಾಣದಿದ್ದರೆ ಮಾತು ಇಷ್ಟು ಸಲೀಸು ಎಂದು ನನಗೆ ಯಾರೂ ಹೇಳಿರಲಿಲ್ಲ.

"ಅಭ್ಯಾಸ ಮಾಡೋಣ ಭಾವ. ಈ ಸಲ ನಾನು ಅಧಿಕಾರಿ. ನೀವು ಪ್ರಯಾಣಿಕ."

"ಓಹೋ! ಆಯ್ತು ಸಾಹೇಬರೇ." ಅವರು ಕೈಕಟ್ಟಿ ನಿಂತರು.

"ಉದ್ಯೋಗ?"

"ಹೆಂಡತಿಯ ತಮ್ಮನ ಕಾರ್ಖಾನೇಲಿ ಚಾಕರಿ."

"ಇಲ್ಲಿಗೆ ಯಾಕೆ ಬಂದಿರಿ?"

"ಹೆಂಡತಿಯಿಂದ ತಪ್ಪಿಸಿಕೊಳ್ಳೋಕೆ."

"ಈ ಪೆಟ್ಟಿಗೆ ನೀವೇ ಕಟ್ಟಿದ್ದಾ?"

"ನಾನೇ ಸ್ವಾಮಿ."

"ಕಳೆದ ತಿಂಗಳಿನ ಪೆಟ್ಟಿಗೆ?"

ತಕ್ಕಡಿಯ ಕೊಕ್ಕೆ ಕಿರ್ರೆಂದಿತು. ಭಾವ ಅದನ್ನು ಹಿಡಿದು ನಿಲ್ಲಿಸಿದರು.

"ಅದನ್ನ... ನಿಮ್ಮಣ್ಣ ಕಟ್ಟಿದ್ದು. ಎಲ್ಲರಿಗೂ ಗೊತ್ತಿರೋದೇ."

"ಅದಕ್ಕೆ ಚೀಟಿ ಅಂಟಿಸಿದ್ದು?"

"ನಾನು. ನನ್ನ ಕೆಲಸ ಅದು."

"ಚೀಟಿ ಎಲ್ಲಿಡ್ತೀರಿ?"

"ಡ್ರಾಯರಲ್ಲಿ."

"ಅದರ ಹಿಂದೆ ಏನಿಡ್ತೀರಿ?"

ಭಾವ ಎರಡು ಹೆಜ್ಜೆ ಮುಂದೆ ಬಂದರು. ಮಂಜಿನೊಳಗಿಂದ ಒಂದು ದೊಡ್ಡ ಕೈ ಬಂದು ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ತೆಗೆಯಿತು. ಮೆಲ್ಲಗೆ, ಮಲಗಿದ ಮಗುವಿನ ಕೈಯಿಂದ ಆಟಿಕೆ ತೆಗೆಯುವಂತೆ.

"ಆಟ ಸಾಕು ಗುಬ್ಬಿ."

"ಆಟ ಅಲ್ಲ ಭಾವ."

"ಹೊರಡೋ ಹೊತ್ತಲ್ಲಿ ಕೇಳೋ ಮಾತಲ್ಲ ಇದು."

"ಹೊರಡೋಕೆ ಮುಂಚೆಯೇ ಕೇಳಬೇಕು. ಅಲ್ಲಿ ನಿಂತು ಉತ್ತರ ಹೇಳೋಳು ನಾನು. ಅಂಟು ಯಾಕೆ ತಂದಿರಿ?"

ನನ್ನ ದನಿ ನನಗೇ ಹೊಸದಾಗಿತ್ತು. ಕನ್ನಡಕವಿಲ್ಲದೆಯೂ ಅದು ನಿಂತಿತ್ತು.

"ಕಳ್ಳ ಅಂತ ನೋಡ್ತಿದೀಯಲ್ಲ ನನ್ನ," ಎಂದರು ಭಾವ. ಅವರ ಕತ್ತಿನ ನರ ಉಬ್ಬಿತ್ತು. "ನಾನು ಹೊರಗಿಂದ ಬಂದವನು ತಾನೇ? ಅಳಿಯ ಅಂದರೆ ಎಷ್ಟು ವರ್ಷವಾದರೂ ಹೊಸ್ತಿಲ ಮೇಲಿನ ಚಪ್ಪಲಿ. ಕಳುವಾದರೆ ಮೊದಲು ಅವನ ಜೇಬು ನೋಡಿ."

"ಉತ್ತರ ಹೇಳಿ ಭಾವ."

"ಅದನ್ನ ತರಿಸಿದ್ದು ನಿಮ್ಮಣ್ಣ!"

ಅವರು ಬಾಯಿ ಮುಚ್ಚಿಕೊಂಡರು. ಮೆಟ್ಟಿಲ ಕಡೆ ನೋಡಿದರು. ಕೆಳಗೆ ಬರ್ನರಿನ ಸುಯ್ಯೆನ್ನುವ ಸದ್ದು ಮಾತ್ರ ಇತ್ತು.

"ಹೊರಡೋಕೆ ಮುಂಚೆ ತರಿಸಿದ. ಅರ್ಧ ಖಾಲಿಯಾದ ಮೇಲೆ ನನಗೇ ವಾಪಸ್ ಕೊಟ್ಟ, ಇಟ್ಟಿರು ಅಂತ. ಯಾಕೆ ಅಂತ ನಾನು ಕೇಳಲಿಲ್ಲ. ಅವನನ್ನ ಹಿಡಿದಾಗ ನನಗೆ... ಗುಬ್ಬಿ, ನಾನು ಯಾರಿಗೆ ಹೇಳಲಿ? ನಿನ್ನ ಅತ್ತಿಗೆಗಾ?"

"ಸುಳ್ಳು. ಅಣ್ಣನಿಗೆ ಅಂಟು ಯಾಕೆ? ಅವನಿಗೆ ಬೆಂಕಿ ಗೊತ್ತು."

"ಗೊತ್ತಿತ್ತು." ಭಾವ ಮೇಜಿನ ಅಂಚಿಗೆ ಕುಸಿದಂತೆ ಕುಳಿತರು. "ಅವನ ಎಡಗೈ ಬೆರಳು ಮರಗಟ್ಟಿ ಎಷ್ಟೋ ದಿನ ಆಯ್ತು. ಬಿಸಿ ತಣ್ಣಗೆ ಒಂದೂ ತಿಳಿಯೋದಿಲ್ಲ. ಒಂದು ಸಲ ಸುಟ್ಟುಕೊಂಡು, ವಾಸನೆ ಬಂದ ಮೇಲೆ ಗೊತ್ತಾಯಿತಂತೆ. ಯಾರಿಗೂ ಹೇಳಬೇಡಿ ಭಾವ, ಅಂದ. ನೀನು ಅವನು ಬೆಂಕಿ ಮುಂದೆ ಕೂತದ್ದನ್ನ ಕೊನೇ ಸಲ ಯಾವಾಗ ನೋಡಿದೆ, ಹೇಳು?"

ದಿನಗಳನ್ನು ಹಿಂದಕ್ಕೆ ಎಣಿಸಿದೆ.

ಇಡೀ ಚಳಿಗಾಲ ಅಣ್ಣ ಪಾಪೆ ಬರೆದಿದ್ದ. ಬೆನ್ನು ಮುಚ್ಚುವ ಹೊತ್ತಿಗೆ ಎದ್ದು ಕುರ್ಚಿ ಕೊಡುತ್ತಿದ್ದ. "ನೀನೇ ಮುಚ್ಚು ಗುಬ್ಬಿ, ಕೈ ಪಳಗಲಿ." ನನ್ನ ಮೇಲೆ ಅವನಿಗಿರುವ ನಂಬಿಕೆ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಕಿವಿ ಗೊತ್ತಿರುವವರು. ಬೆಂಕಿ ಮುಟ್ಟಲಾರದವರು.

ಅಣ್ಣನನ್ನು ಬಿಡಿಸಲು ನಾನು ಬೆಳಗಿನಿಂದ ಹೆಣೆದ ಬಲೆಯೊಳಗೆ ಬಿದ್ದವನು ಅಣ್ಣನೇ. ಇದೇ ಮಾತನ್ನು ಆ ನ್ಯಾಯಾಲಯದಲ್ಲಿ ಹೇಳಿದರೆ ಅವನ ಸೆರೆಯ ಬಾಗಿಲಿಗೆ ಇನ್ನೊಂದು ಬೀಗ ನಾನೇ ಹಾಕಿದಂತೆ.

"ಈಗಲೂ ಹೋಗ್ತೀಯಾ?" ಭಾವ ಕೇಳಿದರು.

"ಹೋಗ್ತೀನಿ."

"ಅವನೇ ಮಾಡಿದ್ದರೆ?"

"ಅವನ ಬಾಯಿಂದಲೇ ಕೇಳಿಕೊಂಡು ಬರ್ತೀನಿ. ಪೆಟ್ಟಿಗೆ ಇಳಿಸಿ ಭಾವ, ಕೊಕ್ಕೆ ಬಾಗ್ತಿದೆ."

*

ಕೆಳಗೆ ಅತ್ತಿಗೆ ಕಿಟಕಿಯ ಬಳಿ ಹತ್ತಿ ಹಿಂಜುತ್ತಿದ್ದರು. ಮೇಷ್ಟ್ರು ಜ್ವಾಲೆ ಸಣ್ಣಗೆ ಮಾಡಿ ಕೈ ಒರೆಸಿಕೊಳ್ಳುತ್ತಿದ್ದರು. ಕಣ್ಣಿನ ಪೆಟ್ಟಿಗೆ ನಾನು ಇಟ್ಟಲ್ಲೇ ಇತ್ತು.

ಚಿಲಕ ತೆಗೆದೆ. ಕಣ್ಣುಗಳೆಲ್ಲ ಮಾಡಿನ ಕಡೆ ನೋಡುತ್ತಿದ್ದವು.

ಚೂಪು ತುದಿಗಳೆಲ್ಲ ಚಿಲಕದ ಕಡೆ. ಒಂದರದು ಮಾತ್ರ ಗೋಡೆಯ ಕಡೆ.

ಬೂದು ಪಾಪೆಯ ಕಣ್ಣು ಅದು. ಬೆನ್ನಿನಿಂದ ಎಲ್ಲರಿಗೂ ಮರೆ ಮಾಡಿ ಅದನ್ನು ಎತ್ತಿದೆ. ಗುಬ್ಬಿಯ ಮೊಟ್ಟೆಯಷ್ಟು ಹಗುರವಿರಬೇಕಾದದ್ದು, ಅಂಗೈಯಲ್ಲಿ ಜಗ್ಗಿತು. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ತಿರುವಿ, ಬೆನ್ನಿಗೆ ಉಗುರು ಊರಿದೆ.

ಉಗುರು ಇಳಿಯಿತು. ಅಂಟು ಇನ್ನೂ ಹಸಿ.

ಒಂದು ಕ್ಷಣ ನನಗೆ ಕುಣಿಯಬೇಕೆನಿಸಿತು. ಅಣ್ಣ ಕಡಲಾಚೆ ಬೀಗದೊಳಗಿದ್ದಾನೆ. ಅವನ ಕೈ ಎಷ್ಟೇ ಉದ್ದವಿದ್ದರೂ ಈ ಹಸಿ ಅಂಟಿಗೆ ಬರಲಾರದು! ಭಾವ ಅಷ್ಟು ಹೊತ್ತೂ ನನ್ನ ಕಣ್ಣೆದುರಿಗೇ ಇದ್ದರು. ಅವರೂ ಅಲ್ಲ.

ಹಾಗಾದರೆ ಉಳಿದವರು ಯಾರು?

ಹಿಂದೆ ಅತ್ತಿಗೆ ಹತ್ತಿ ಹಿಂಜುವ ಸದ್ದು ಹಾಗೇ ನಡೆದಿತ್ತು. ಪರಪರ, ಪರಪರ. ನನಗೆ ಊಟ ಬಡಿಸಿದ ಕೈ, ನನ್ನ ಜಡೆ ಹೆಣೆದ ಕೈ. ಬೆಂಕಿ ಮುಟ್ಟದ ಕೈ.

ಆ ಕಣ್ಣನ್ನು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಆಗ ಕಲ್ಲು ನನ್ನ ಕೈಗೆ ಸಿಗುತ್ತಿತ್ತು, ಕಲ್ಲಿಟ್ಟವರು ಸಿಗುತ್ತಿರಲಿಲ್ಲ. ಅದು ಹೇಗಿತ್ತೋ ಹಾಗೆ, ತುದಿ ಗೋಡೆಯ ಕಡೆ ಮಾಡಿ, ಮತ್ತೆ ಹತ್ತಿಯಲ್ಲಿಟ್ಟೆ.

ಭಾವ ದೊಡ್ಡ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ಇಳಿದರು. ನನ್ನ ಮುಖ ನೋಡಲಿಲ್ಲ.

"ಎಲ್ಲರೂ ಇದ್ದೀರಿ," ಎಂದೆ. "ಅತ್ತಿಗೆ, ಕೊನೇ ಸಲ ಕೇಳಿಬಿಡಿ. ಎಲ್ಲರ ಮುಂದೆ ಹೇಳೋಕೆ ಬಂದರೆ ಅಲ್ಲೂ ಬರುತ್ತೆ."

ಅತ್ತಿಗೆಯ ಮುಖ ಅರಳಿತು. ಹತ್ತಿ ಕೆಳಗಿಟ್ಟು, ಭಾವನ ಜೇಬಿನಿಂದ ಕನ್ನಡಕ ಕಿತ್ತು ಮೂಗಿಗೇರಿಸಿ, ಕೆಲಸದ ಮೇಜಿನ ಆಚೆ ನೆಟ್ಟಗೆ ನಿಂತರು. "ಈ ಪೆಟ್ಟಿಗೆ ನೀವೇ ಕಟ್ಟಿದ್ದಾ?"

"ಹೌದು. ನಾನೇ."

ಬೀರುವಿನ ಗಾಜು ಝಿಲ್ಲೆಂದಿತೇನೋ. ಅಷ್ಟು ಜೋರಾಗಿ ಹೇಳಿದ್ದೆ. ಅತ್ತಿಗೆ ಚಪ್ಪಾಳೆ ತಟ್ಟಿದರು. "ನಿಮ್ಮಣ್ಣನಿಗೆ ಹೇಳು, ನಾನು ಕಾಯ್ತಿದೀನಿ ಅಂತ ಹೇಳು" ಎನ್ನುತ್ತ ಅಲ್ಲೇ ಅತ್ತುಬಿಟ್ಟರು. ಕಣ್ಣೀರಿನ ನಡುವೆಯೇ ಪೆಟ್ಟಿಗೆಯನ್ನು ಎತ್ತಿ ಮೇಷ್ಟ್ರ ಕಡೆ ಸರಿಸಿದರು. "ತಗೊಳ್ಳಿ ಮೇಷ್ಟ್ರೇ, ನಿಮ್ಮ ಕಿವಿ ದಾಟಲಿ."

ಒಳಗೆ ಕಲ್ಲಿಟ್ಟವರು ಪೆಟ್ಟಿಗೆಯನ್ನು ಹೀಗೆ ತಾವಾಗಿ ತಪಾಸಣೆಗೆ ಒಡ್ಡುತ್ತಾರೆಯೇ?

ಮೇಷ್ಟ್ರು ಪೆಟ್ಟಿಗೆಯನ್ನು ನೋಡಿದರು. ನನ್ನನ್ನು ನೋಡಿದರು.

"ಎಲ್ಲಾನೂ ಕಿವಿಗೆ ಹಿಡಿದೆಯಾ ಗುಬ್ಬಿ?"

"ಹಿಡಿದೆ."

"ಸರಿ ಮತ್ತೆ. ಮುಚ್ಚು."

ಅವರು ಕೈ ಚಾಚಲಿಲ್ಲ.

ಅಪ್ಪನ ಪೆಟ್ಟಿಗೆಯನ್ನೂ ಬಿಡದವರು. ಮತ್ತೆ ನೆನಪಾಯಿತು: ಅಣ್ಣ ಹೊರಟ ದಿನವೂ ಅವರು ಕೈ ಚಾಚಿರಲಿಲ್ಲ. "ಸರಿ, ಮುಚ್ಚು" ಎಂದು ಮುಖ ತಿರುಗಿಸಿದ್ದರು. ಅಗಲಿಕೆಯ ದುಃಖ ಎಂದುಕೊಂಡಿದ್ದೆ.

ಬೆಂಕಿ ಬಲ್ಲವನು ಅಂಟು ಮುಟ್ಟಲ್ಲ. ಎಷ್ಟು ಗಟ್ಟಿ ಮಾತು! ಬೆಳಗಿನಿಂದ ಅದನ್ನೇ ಹಿಡಿದುಕೊಂಡು ಮನೆಯೆಲ್ಲ ಸುತ್ತಿದ್ದೆ. ಅದನ್ನು ನನ್ನ ಕೈಗೆ ಕೊಟ್ಟವರು ಯಾರು, ಅಣ್ಣ ಆ ಅಂಟು ತರಿಸಿದ್ದು ಯಾರ ಮಾತಿಗೆ ಎಂದು ಮಾತ್ರ ಯೋಚಿಸಿರಲಿಲ್ಲ.

ಚಿಲಕ ಹಾಕಿದೆ. ಬೀಗ ಒತ್ತಿದೆ. ಬೀಗದಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಈ ಕಣ್ಣನ್ನು ವಿಮಾನ ಹತ್ತುವ ಮುಂಚೆಯೇ ಪೊಲೀಸರ ಮೇಜಿನ ಮೇಲಿಡುತ್ತೇನೆ, ಇಟ್ಟವರೂ ಅಲ್ಲೇ ಇರಬೇಕು ಎಂದು ನಿಶ್ಚಯಿಸಿಕೊಂಡೆ.

"ಮೇಷ್ಟ್ರೇ, ಪೆಟ್ಟಿಗೆ ಹಿಡ್ಕೊಳ್ಳೋಕೆ ಒಬ್ಬರು ಬೇಕು. ತಲೆ ಸುತ್ತಿದರೂ ಪರವಾಗಿಲ್ಲ, ನಾಳೆ ಏರ್‌ಪೋರ್ಟ್‌ವರೆಗೆ ನೀವು ಬರ್ತೀರಾ?"

ಮೇಷ್ಟ್ರು ಬಾಗಿ ಬರ್ನರಿನ ಕಿವಿ ತಿರುಗಿಸಿದರು. ಜ್ವಾಲೆ ಪಕ್ಕೆಂದು ಆರಿತು.

"ಅಲ್ಲೀವರೆಗೆ ಮಾತ್ರ ಬಂದು ಏನು ಮಾಡಲಿ ಮಗಳೇ?" ಎಂದು ಅವರು ಕೋಟಿನ ಒಳಜೇಬಿಗೆ ಕೈ ಹಾಕಿದರು. ಹೊರಬಂದದ್ದು ಒಂದು ಪಾಸ್‌ಪೋರ್ಟ್. ಹೊಸದಲ್ಲ. ಅಂಚು ಸವೆದು, ಹೊದಿಕೆಯ ಚಿನ್ನದ ಬಣ್ಣ ಉದುರಿ, ಎಷ್ಟೋ ದೇಶಗಳ ಸುಂಕದ ಕಟ್ಟೆಗಳನ್ನು ಕಂಡು ಬಂದದ್ದು.

ಅತ್ತಿಗೆಯ ಮೂಗಿನಿಂದ ಕನ್ನಡಕ ಜಾರಿತು.

"ನಿನ್ನೊಬ್ಬಳನ್ನೇ ಕಳಿಸ್ತೀನಾ?" ಮೇಷ್ಟ್ರು ನಕ್ಕರು. "ಕಿಟಕಿ ನಿನಗೆ. ಪಕ್ಕದ ಸೀಟು ನನ್ನದು."